ಟೇಪಿನೊಳಗಿನ ಆಲೆಮನೆ

ಮಂಡ್ಯದ ಮನೆಯಲ್ಲಿದ್ದ ಮಿನಿ ಡಿವಿ ಟೇಪುಗಳನ್ನು (ಹಳೇ ವಿಡಿಯೋ ಕ್ಯಾಮೆರಾದ ಪುಟ್ಟ ಕ್ಯಾಸೆಟ್ಟುಗಳು) ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಇದರಲ್ಲಿ ಅವಸರ ನಡೆಯಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಜಾಗ ಸುಮಾರು 13 ಜಿಬಿ. ಹಳೇ ಕ್ಯಾಮೆರಾ, ಅದನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲ್ ಎರಡೂ ಇನ್ನೂ ಕೆಲಸ ಮಾಡುತ್ತಿರೋದೇ ಪುಣ್ಯ.

ಇವತ್ತು ಸಿಕ್ಕಿದ್ದು ದೊಡ್ಡಪ್ಪನ ಆಲೆಮನೆ. ಗಾಣಕ್ಕೆ ಕಬ್ಬು ಕೊಡುವ ಕೈ ಆಡಿದಾಗಲೆಲ್ಲ ಬೆರಳಿನ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಕಾಣುತ್ತಿತ್ತು. ಟೇಪ್ ಹಾಳಾಗಿರಲಿಲ್ಲ. ಆಗಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದ್ರೆ ಎರಡು ಅರ್ಧ ಚಿತ್ರ. ಬೆಸ ಗೆರೆಗಳು ಒಂದು ಕ್ಷಣದ್ದು, ಸಮ ಗೆರೆಗಳು ಸೆಕೆಂಡಿನ 50ನೇ ಒಂದು ಭಾಗದಷ್ಟು ಆಚೀಚೆಯದ್ದು. ಅಷ್ಟರಲ್ಲಿ ಕೈ ಸರಿದಿರುತ್ತೆ, ಅದಕ್ಕೇ ಆ ಸೀಳು. ಎರಡನ್ನೂ ಬಿಡಿಸಿ, ಒಂದೊಂದನ್ನೂ ಒಂದೊಂದು ಫ್ರೇಮ್ ಮಾಡಿ, ಸೆಕೆಂಡಿಗೆ 25 ಇದ್ದ ಫ್ರೇಮನ್ನು 50 ಮಾಡಿದೆ. ಕೈ ಸರಾಗವಾಗಿ ಆಡಿತು! ಕೊಪ್ಪರಿಗೆಯಿಂದ ಏಳುವ ಹಬೆ ಕೂಡ ಎಷ್ಟು ಚೆಂದ ಬಂತು ಗೊತ್ತಾ.

ಚಿತ್ರದ ಮೇಲಿನ ಕಾಳುಕಾಳನ್ನು ಅಳಿಸುವ ನಾಯ್ಸ್ ರಿಡಕ್ಷನ್ ಮಾತ್ರ ಜಾಸ್ತಿ ಹಾಕಲಿಲ್ಲ. ಹಾಕಿದರೆ ಹಬೆಯ ಜೊತೆಗೆ ದೊಡ್ಡಪ್ಪನ ಮುಖದ ಸುಕ್ಕನ್ನೂ ಒರೆಸಿಬಿಡುತ್ತೆ. ಬಿಸಿಲಲ್ಲಿ ದುಡಿದ ಮುಖ ಅದು, ನುಣ್ಣಗೆ ಯಾಕಿರಬೇಕು ಅಲ್ವಾ?

ಮೂಲ ಫೈಲನ್ನು ಮುಟ್ಟದೆ ಎರಡು ಡಿಸ್ಕಿನಲ್ಲಿ ಇಟ್ಟಿದ್ದೇನೆ. ನಿಮ್ಮನೆ ಅಟ್ಟದಲ್ಲೂ ಟೇಪ್ ಇದ್ದರೆ, ಕ್ಯಾಮೆರಾ ಓಡುತ್ತಿರುವಾಗಲೇ ಇಳಿಸಿಕೊಳ್ಳಿ.