ಜ್ವಾಲಾಮುಖಿಯೇ ಇಲ್ಲದ ಮಲೆನಾಡಿಗೆ ಅಗ್ನಿಶಿಲೆ ಎಲ್ಲಿಂದ ಬಂತು?

ನಾನು ಭೂವಿಜ್ಞಾನ ಕಲಿಸುವವನೆಂದು ಗೊತ್ತಾದೊಡನೆ ಶಿವಮೊಗ್ಗ, ಸಾಗರದ ಕಡೆಯವರು ಕೇಳುವುದು ಬಹುತೇಕ ಒಂದೇ ಪ್ರಶ್ನೆ: "ನಮ್ಮಲ್ಲಿ ಜ್ವಾಲಾಮುಖಿಯೇ ಇಲ್ಲವಲ್ಲ ಮೇಷ್ಟ್ರೇ, ಈ ಕಲ್ಲು ಕರಗಿದ ರಸದಿಂದ ಆದದ್ದೆಂದು ಹೇಗೆ ಹೇಳುತ್ತೀರಿ?"

ಅದಕ್ಕೆ ಜ್ವಾಲಾಮುಖಿ ಕಣ್ಣಿಗೆ ಬೀಳಬೇಕಾಗಿಲ್ಲ, ಕಲ್ಲಿನ ಹೊಸದಾಗಿ ಒಡೆದ ಮುಖ ಸಾಕು. ಶಿಲಾಪಾಕದ, ಅಂದರೆ ಭೂಮಿಯೊಳಗೆ ಕರಗಿದ ಕಲ್ಲಿನ ರಸದ, ಹೆಚ್ಚಿನ ಪಾಲು ನೆಲದ ಮೇಲಕ್ಕೆ ಬರುವುದೇ ಇಲ್ಲ. ಅದು ಆಳದಲ್ಲೇ ತಣಿದು ಗಟ್ಟಿಯಾಗುತ್ತದೆ, ಮೇಲಿನ ಪದರಗಳು ಕೋಟಿಗಟ್ಟಲೆ ವರ್ಷ ಸವೆದ ಮೇಲೆ ನಮ್ಮ ಕಾಲಡಿಗೆ ಬರುತ್ತದೆ. ನಿಧಾನವಾಗಿ ಆರಿದ ಪಾಕದಲ್ಲಿ ಕಲ್ಲುಸಕ್ಕರೆಯ ಹರಳು ದೊಡ್ಡದಾಗುವಂತೆ ಇಲ್ಲಿಯೂ ಹರಳಿನ ಗಾತ್ರವೇ ತಣಿದ ವೇಗವನ್ನು ಹೇಳುತ್ತದೆ.

ನಮ್ಮ ಭಾಗದಲ್ಲಿ ಇದನ್ನು ನೋಡಲು ಡಾಲರೈಟ್ ಎಂಬ ಕಪ್ಪು ಅಗ್ನಿಶಿಲೆಯ ಡೈಕುಗಳಿಗಿಂತ, ಅಂದರೆ ಬಿರುಕು ತುಂಬಿದ ಪಟ್ಟಿಗಳಿಗಿಂತ, ಒಳ್ಳೆಯ ಜಾಗವಿಲ್ಲ. ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಪರ್ಯಾಯ ದ್ವೀಪದ ನೈಸ್ ಶಿಲೆ ಬಿರುಕು ಬಿಟ್ಟಲ್ಲಿ ಬಿಸಿ ಪಾಕ ನುಗ್ಗಿ, ಕಪ್ಪು ಪಟ್ಟಿಯಾಗಿ ನಿಂತಿದೆ. ವ್ಯಾಪಾರದಲ್ಲಿ ಇದನ್ನೇ 'ಬ್ಲ್ಯಾಕ್ ಗ್ರಾನೈಟ್' ಎಂದು ಮಾರುತ್ತಾರೆ. ಗ್ರಾನೈಟಿಗೂ ಇದಕ್ಕೂ ಸಂಬಂಧವಿಲ್ಲ. ಅಗಲವಾದ ಪಟ್ಟಿಯ ನಡುವಿನಿಂದ ಒಂದು ಚಕ್ಕೆ ಎಬ್ಬಿಸಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ಹಿಡಿದರೆ, ಪೈರಾಕ್ಸೀನ್ ಎಂಬ ಕಪ್ಪು ಖನಿಜದ ನಡುವೆ ಫೆಲ್ಡ್‌ಸ್ಪಾರ್ ಎಂಬ ಇನ್ನೊಂದು ಖನಿಜದ ಬೂದು ಕಡ್ಡಿಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ನೈಸಿಗೆ ತಾಗಿದ ಅಂಚಿನ ಚಕ್ಕೆಯಲ್ಲಾದರೋ ಅದೇ ಮಸೂರಕ್ಕೂ ಹರಳು ಸಿಗುವುದಿಲ್ಲ, ಬರಿಯ ಕಪ್ಪು. ತಣ್ಣನೆಯ ಬಂಡೆ ತಾಗಿದ ಕಡೆ ಪಾಕಕ್ಕೆ ಹರಳು ಬೆಳೆಸಲು ಸಮಯ ಸಿಗಲಿಲ್ಲ. ಬಿಸಿಯಾಗಿ ಬಂದದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಎರಡನೆಯ ಸಾಕ್ಷ್ಯ ಖನಿಜಗಳು ಹುಟ್ಟುವ ಸರದಿ. ಶಿಲಾವಿಜ್ಞಾನಿ ನಾರ್ಮನ್ ಬೋವೆನ್ 1922ರಲ್ಲಿ ಮಂಡಿಸಿದ ತತ್ತ್ವದಂತೆ, ತಣಿಯುವ ಪಾಕದಲ್ಲಿ ಆಲಿವಿನ್, ಪೈರಾಕ್ಸೀನ್ ಮೊದಲು ಹರಳುಗಟ್ಟುತ್ತವೆ, ಕ್ವಾರ್ಟ್ಜ್ ಕೊನೆಗೆ. ಆದ್ದರಿಂದಲೇ ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರಿಗೆ ಚಪ್ಪಟೆ ಮುಖಗಳಿದ್ದರೆ, ಕ್ವಾರ್ಟ್ಜ್ ಉಳಿದ ಸಂದುಗಳನ್ನು ತುಂಬಿಕೊಂಡು ಸ್ವಂತ ಆಕಾರವಿಲ್ಲದೆ ಕೂತಿರುತ್ತದೆ. ಚಾಕುವಿನಿಂದ ಗೀರಿ ನೋಡಿ: ಎರಡರ ಮೇಲೂ ಗೀರು ಮೂಡದು, ಬಳಪದ ಕಲ್ಲಾದರೆ ಉಗುರಿಗೇ ಪುಡಿ ಬರುತ್ತದೆ.

ಲಾವಾ ಹರಿದದ್ದೂ ಸುಳ್ಳಲ್ಲ. ಬಾಬಾಬುಡನ್ ಬೆಟ್ಟಗಳ ಹಳೆಯ ಬಸಾಲ್ಟಿನಲ್ಲಿ, ಅಂದರೆ ಲಾವಾ ಆರಿ ಆದ ಕಲ್ಲಿನಲ್ಲಿ, ಅನಿಲದ ಗುಳ್ಳೆಗಳಿದ್ದ ಜಾಗವನ್ನು ಆಮೇಲೆ ಬೇರೆ ಖನಿಜಗಳು ತುಂಬಿವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಹಲವರು ಮನೆಯ ಗೋಡೆಯ ಜಂಬಿಟ್ಟಿಗೆಯ ತೂತುಗಳನ್ನು ತೋರಿಸಿ ಅದೂ ಲಾವಾ ಎನ್ನುತ್ತಾರೆ. ಅದು ಅಗ್ನಿಶಿಲೆಯಲ್ಲ, ಮಳೆನೀರು ಕಲ್ಲಿನೊಳಗಿನ ಸಿಲಿಕಾವನ್ನು ಕರಗಿಸಿ ಒಯ್ದ ಮೇಲೆ ಕಬ್ಬಿಣ, ಅಲ್ಯೂಮಿನಿಯಮ್ಮುಗಳ ಆಕ್ಸೈಡುಗಳು ಉಳಿದು ಗಟ್ಟಿಯಾದದ್ದು.