ವಾರ್ಡಲ್ಲಿ ಒಂದು ಸೈನ್‌ಗೋಸ್ಕರ

ನರ್ಸಿಂಗ್ ಓದೋ ಹುಡುಗೀರಿಗೆ ಪೋಸ್ಟಿಂಗ್ (ಆಸ್ಪತ್ರೆ ವಾರ್ಡಲ್ಲಿ ಕೆಲಸ ಕಲಿಯೋ ಡ್ಯೂಟಿ) ಅಂದ್ರೆ ಎಂತಕ್ಕೆ ಅಷ್ಟು ಭಯ ಅಂತ ಮನೆಯವ್ರಿಗೆ ಅರ್ಥ ಆಗೋದಿಲ್ಲ. ನಾನು ಕಾರವಾರ ಕಡೆಯವಳು, ಈಗ ಸ್ಟಾಫ್ ನರ್ಸ್, ಹಾಗಾಗಿ ಹೇಳ್ತೀನಿ.

ಪ್ರತಿ ಸ್ಟುಡೆಂಟ್ ಹತ್ರ ಒಂದು ಪ್ರೊಸೀಜರ್ ಬುಕ್ ಇರ್ತದೆ. ಬೆಡ್ ಮಾಡಿದ್ದು, ಇಂಜೆಕ್ಷನ್ ಕೊಟ್ಟಿದ್ದು, ಡ್ರೆಸ್ಸಿಂಗ್ ಮಾಡಿದ್ದು ಎಲ್ಲದಕ್ಕೂ ವಾರ್ಡ್ ಸ್ಟಾಫ್ ಸೈನ್ ಬೇಕು, ಪರೀಕ್ಷೆ ಹೊತ್ತಿಗೆ ಅದು ತುಂಬಿರ್ಬೇಕು. ಸೈನ್ ಹಾಕೋರು ಬೈದ್ರೂ ಸುಮ್ನಿರ್ಬೇಕು, ಹೆಸ್ರು ಬಿಟ್ಟು "ಏ ಸ್ಟುಡೆಂಟ್" ಅಂದ್ರೂ ಓಡ್ಬೇಕು, ಚಾ ತರ್ಬೇಕು, ದಿನಾ ಬೆಡ್‌ಶೀಟ್ ಎಣಿಸ್ತಾ ಕೂರ್ಬೇಕು.

ಜೋಯಿಡಾ ಕಡೆಯ ಒಬ್ಬ ಹುಡುಗಿ, ಯಾವುದೋ ಔಷಧಿ ಡೋಸ್ ಬಗ್ಗೆ ಡೌಟ್ ಕೇಳಿದ್ಲು. ಸರಿಯಾದ ಪ್ರಶ್ನೆನೇ. ಪೇಶಂಟ್, ಪೇಶಂಟ್ ಮನೆಯವ್ರು ಎಲ್ಲರ ಎದುರು "ಇಷ್ಟೂ ಗೊತ್ತಿಲ್ವಾ, ನಿನ್ನ ಯಾರು ಪಾಸ್ ಮಾಡಿದ್ರು" ಅಂತ ವಾರ್ಡ್ ಸಿಸ್ಟರ್ ಒಬ್ರು ಕೂಗಿದ್ರು. ಆಮೇಲೆ ಅವಳು ಯಾರನ್ನೂ ಏನೂ ಕೇಳ್ಲಿಲ್ಲ. ಮಾರನೇ ದಿನ ಬಿಪಿ ನೋಡುವಾಗ ಸೌಂಡ್ ಸರಿ ಕೇಳಿಸ್ಲಿಲ್ಲ, ಹಿಂದಿನ ಶಿಫ್ಟಿನ ನಂಬರ್ ನೋಡಿ ಅದನ್ನೇ ಬರ್ದಿಟ್ಲು. ಪುಣ್ಯ, ಆ ಪೇಶಂಟಿಗೆ ಏನೂ ಆಗ್ಲಿಲ್ಲ. ಬೈಯೋರಿಗೆ ಇದು ಕಾಣೋದೇ ಇಲ್ಲ, ಹೆದರಿದ ಹುಡುಗಿ ಕೇಳೋದು ಬಿಡ್ತಾಳೆ, ಕೇಳೋದು ಬಿಟ್ರೆ ಊಹೆ ಮಾಡ್ತಾಳೆ.

ಅವಳಿಗೆ ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಡ್ಯೂಟಿ ಮುಂಚೆ ವಾಂತಿ ಬಂದಂಗೆ ಆಗ್ತಿತ್ತಂತೆ. ಮನೆಗೆ ಫೋನ್ ಮಾಡಿದ್ರೆ ಮಾತ್ರ "ಚಲೋ ಇದೀನಿ ಆಯಿ" ಅನ್ನೋದು, ಫೀಸಿಗೆ ಸಾಲ ಮಾಡಿದ್ರಲ್ಲ.

"ನಮ್ಗೂ ಹೀಗೇ ಮಾಡಿದ್ರು, ಗಟ್ಟಿ ಆದ್ವಿ" ಅಂತಾರೆ ಹಿರಿಯರು. ಅವ್ರ ಕಷ್ಟನೂ ಸುಳ್ಳಲ್ಲ, ಇಡೀ ವಾರ್ಡಿಗೆ ಒಂದಿಬ್ರು ಸಿಸ್ಟರ್ ಇದ್ರೆ ತಾಳ್ಮೆ ಎಲ್ಲಿಂದ ಬರ್ಬೇಕು. ಆದ್ರೂ ನಾನು ಒಪ್ಪೋದಿಲ್ಲ, ಆ ಸಿಟ್ಟು ಹೋಗ್ಬೇಕಾದ್ದು ಆಡಳಿತದ ಮೇಲೆ. 2022ರಲ್ಲಿ ಶಿರೂರು ಟೋಲ್ ಹತ್ರ, ನಮ್ಮ ಕಡೆಯಿಂದ ಉಡುಪಿ ಕಡೆ ಪೇಶಂಟ್ ಒಯ್ತಿದ್ದ ಆಂಬುಲೆನ್ಸ್ ಅಪಘಾತ ಆದ್ಮೇಲೆ ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗಿದ್ವಿ, ಅದು ಆದಾಗ ನೈಟ್ ಡ್ಯೂಟಿ ಮಾಡೋರು ಇದೇ ಹುಡುಗೀರಲ್ವಾ, ಈಗ್ಲೇ ಓಡಿಸಿದ್ರೆ ಯಾರು ಉಳೀತಾರೆ?

ಇನ್ನೊಂದು ಸಮಸ್ಯೆ. ಯುಜಿಸಿಯ 2009ರ ರ‍್ಯಾಗಿಂಗ್ ನಿಯಮ ಇರೋದು ವಿದ್ಯಾರ್ಥಿಗಳೇ ವಿದ್ಯಾರ್ಥಿಗೆ ಕೊಡೋ ಕಾಟಕ್ಕೆ. ಸೀನಿಯರ್ಸ್ ಕಾಟ ಇದ್ರೆ 1800-180-5522ಕ್ಕೆ ಹೇಳ್ಬಹುದು. ವಾರ್ಡ್ ಸ್ಟಾಫ್ ಬೈದ್ರೆ? ಕಾಲೇಜು "ಆಸ್ಪತ್ರೆಲಿ ಮಾತಾಡಿ" ಅಂತದೆ, ಆಸ್ಪತ್ರೆ "ನಿಮ್ಮ ಮೇಡಂ ಹತ್ರ ಹೇಳು" ಅಂತದೆ. ಅದಕ್ಕೇ ಕಾಲೇಜಿನ ಇನ್‌ಸ್ಟ್ರಕ್ಟರ್ ಅಟೆಂಡೆನ್ಸ್ ತಗೊಂಡು ಹೋಗೋದಲ್ಲ, ಶಿಫ್ಟ್ ಮುಗಿಯೋತನಕ ವಾರ್ಡಲ್ಲೇ ಇರ್ಬೇಕು, ಮಾಡಿದ ಕೆಲಸಕ್ಕೆ ಅವತ್ತೇ ಸೈನ್ ಆಗ್ಬೇಕು. ಸೈನ್ ಬಾಕಿ ಇದ್ದಷ್ಟು ದಿನ ಮಕ್ಕಳು ಬಾಯಿ ಬಿಡೋದಿಲ್ಲ.

ಓದ್ತಿರೋ ತಂಗಿಯರೇ, ಯಾರು, ಯಾವಾಗ, ಎಂತ ಹೇಳಿದ್ರು ಅಂತ ತಾರೀಕು ಹಾಕಿ ಬರ್ದಿಡಿ, ಪ್ರಿನ್ಸಿಪಾಲರಿಗೆ ಬರವಣಿಗೆಲೇ ಕೊಡಿ, ಆದ್ರೆ ನಾಲ್ಕು ಜನ ಸೇರಿ ಹೋಗಿ. ಮನಸ್ಸು ತೀರಾ ಕುಸಿದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ನಡುರಾತ್ರಿ ಆದ್ರೂ ತೆಗೀತಾರೆ.