ರೈಲ್ ಒಂದೇ ಸಾಲಿನಲ್ಲಿ ಕಂಡರೂ ಸ್ಕೋಪ್ ಕೂರಬೇಕಾದ್ದು ರಿಸೀವರ್ ಮೇಲೆಯೇ

"ಜೀರೊ ನಿಲ್ಲವಲ್ದು ನೋಡ್ರಿ, ಸ್ಕೋಪ್ ಕೆಟ್ಟಿರಬೇಕು" ಅಂತ ಬೆಳಗಾವಿಯ ನಮ್ಮ ರಿಪೇರಿ ಬೆಂಚಿಗೆ ಬರುವ ರೈಫಲ್‌ಗಳಲ್ಲಿ ಸ್ಕೋಪ್ ನಿಜಕ್ಕೂ ಕೆಟ್ಟಿರುವುದು ಕಡಿಮೆ. ಹೆಚ್ಚಾಗಿ ಕೆಟ್ಟಿರುವುದು ಅದನ್ನು ಕೂರಿಸಿದ ರೀತಿ. ಸ್ಕೋಪ್ ಅಂದರೆ ರೈಫಲ್ ಮೇಲಿನ ಗುರಿ ದುರ್ಬೀನು; ಜೀರೊ ಅಂದರೆ ಅದರ ಗುರಿಯೂ ಗುಂಡು ಬೀಳುವ ಜಾಗವೂ ಒಂದೇ ಆಗಿರುವ ಹೊಂದಾಣಿಕೆ. ಉದ್ದನೆಯ ರೈಲ್ (ಸಾಮಾನು ಕೂರಿಸುವ ಹಲ್ಲಿನ ಪಟ್ಟಿ) ಇರುವ ಹ್ಯಾಂಡ್‌ಗಾರ್ಡ್ (ಬ್ಯಾರೆಲ್ ಸುತ್ತಲಿನ ಕೈಹಿಡಿ) ಬಂದ ಮೇಲಂತೂ ಇದು ಇನ್ನೂ ಹೆಚ್ಚಾಗಿದೆ. ಟಾರ್ಗೆಟ್ ಶೂಟಿಂಗ್ ಮಾಡುವವರು ಮತ್ತು ಈ ಕೆಲಸ ಕಲಿಯುತ್ತಿರುವ ಹುಡುಗರು ಇಬ್ಬರಿಗೂ ಉಪಯೋಗವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇವೆ.

ಯಾವ ಕೆಲಸಕ್ಕೂ ಮುಂಚೆ ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆಯಿರಿ, ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಬೆಂಚಿನ ಮೇಲೆ ಒಂದೂ ಸಜೀವ ಗುಂಡು ಇರಕೂಡದು.

ಈಗ ರೈಲ್‌ನ ವಿಷಯ. ರಿಸೀವರ್ (ಬೋಲ್ಟ್ ಓಡಾಡುವ ರೈಫಲ್‌ನ ಮುಖ್ಯ ಭಾಗ) ಮೇಲಿನ ರೈಲ್ ಮತ್ತು ಹ್ಯಾಂಡ್‌ಗಾರ್ಡ್ ಮೇಲಿನ ರೈಲ್ ಒಂದೇ ಎತ್ತರದಲ್ಲಿ, ಒಂದೇ ಅಳತೆಯ ಹಲ್ಲುಗಳೊಂದಿಗೆ ಸಾಲಾಗಿ ಕಾಣುತ್ತವೆ. ಹತ್ತಿರದಿಂದ ನೋಡಿದರೆ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಆ ಸಂದಿನ ಹಿಂದಿನ ಭಾಗಕ್ಕೆ ಬ್ಯಾರೆಲ್ ಬಿಗಿಯಾಗಿ ಕೂತಿದೆ. ಮುಂದಿನ ಭಾಗ ಬುಡದಲ್ಲಿ ಮಾತ್ರ ಬಿಗಿದಿರುವ, ಬ್ಯಾರೆಲ್‌ಗೆ ಎಲ್ಲೂ ತಾಗದಂತೆ ಮಾಡಿದ ಕೊಳವೆ. ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಭಾರ ಹಾಕಿದರೆ, ಸ್ಲಿಂಗ್ (ಹೆಗಲ ಪಟ್ಟಿ) ಬಿಗಿಯಾಗಿ ಎಳೆದರೆ ಅದು ಬಾಗುತ್ತದೆ. ಬಾಗಲಿ, ಬ್ಯಾರೆಲ್‌ಗೆ ಅದರ ಒತ್ತಡ ತಾಗಬಾರದು ಎಂಬುದೇ ಆ ವಿನ್ಯಾಸದ ಉದ್ದೇಶ. ಆದರೆ ಸ್ಕೋಪ್‌ನ ಮುಂದಿನ ರಿಂಗ್ (ಟ್ಯೂಬ್ ಹಿಡಿಯುವ ಬಳೆ) ಅದರ ಮೇಲೆ ಕೂತಿದ್ದರೆ ಬ್ಯಾರೆಲ್ ಇದ್ದಲ್ಲೇ ಇರುತ್ತದೆ, ಗುರಿ ಮಾತ್ರ ಸರಿಯುತ್ತದೆ.

ಎಷ್ಟು ಸರಿಯುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಎರಡು ರಿಂಗ್‌ಗಳ ನಡುವೆ 100 ಮಿ.ಮೀ. ಅಂತರವಿದ್ದು, ಮುಂದಿನದು ಬರೀ 0.1 ಮಿ.ಮೀ. ಕೆಳಗಿಳಿದರೆ 100 ಮೀಟರ್ ದೂರದಲ್ಲಿ 10 ಸೆಂ.ಮೀ. ವ್ಯತ್ಯಾಸ. ಬಿಸಿಲಿನ ಲೆಕ್ಕವೂ ಇದೆ. ವಿಜಯಪುರದ ಮೇ ತಿಂಗಳ ಬಿಸಿಲಿಗೆ ಇಟ್ಟ ಕಪ್ಪು ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡ್ ಕೈಯಿಡಲಾಗದಷ್ಟು ಕಾಯುತ್ತದೆ, ಸಾಲದ್ದಕ್ಕೆ ಒಳಗಿನ ಬ್ಯಾರೆಲ್‌ನ ಶಾಖ ಬೇರೆ. 300 ಮಿ.ಮೀ. ಉದ್ದದ ಅಲ್ಯೂಮಿನಿಯಂ 40 ಡಿಗ್ರಿ ಹೆಚ್ಚು ಕಾದರೆ ಸುಮಾರು 0.28 ಮಿ.ಮೀ. ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು. ಒಂದು ಕಾಲು ರಿಸೀವರ್ ಮೇಲೆ, ಇನ್ನೊಂದು ಹ್ಯಾಂಡ್‌ಗಾರ್ಡ್ ಮೇಲೆ ಇಟ್ಟ ಸ್ಕೋಪ್‌ನ ಟ್ಯೂಬ್ ಆ ಎಳೆದಾಟವನ್ನೆಲ್ಲ ತಾನೇ ತಡೆದುಕೊಳ್ಳಬೇಕಾಗುತ್ತದೆ.

ನಂಬಿಕೆ ಬಾರದವರಿಗೆ ಒಂದು ಪರೀಕ್ಷೆ. ಖಾಲಿ ರೈಫಲ್‌ನ ಹ್ಯಾಂಡ್‌ಗಾರ್ಡ್ ತುದಿಯ ರೈಲ್‌ಗೆ ಲೇಸರ್ ಕಟ್ಟಿ, ರಿಸೀವರ್ ಭಾಗವನ್ನು ವೈಸ್‌ನಲ್ಲಿ ಹಿಡಿದು, 20–25 ಮೀಟರ್ ಆಚೆಯ ಗೋಡೆ ಮೇಲೆ ಚುಕ್ಕೆ ಬೀಳಿಸಿ. ಹ್ಯಾಂಡ್‌ಗಾರ್ಡ್ ತುದಿಯನ್ನು ಅಂಗೈಯಿಂದ ಒತ್ತಿ ಬಿಡಿ. ಚುಕ್ಕೆ ಎಷ್ಟು ಓಡಾಡುತ್ತದೆ ಎಂದು ಕಣ್ಣಾರೆ ಕಾಣುತ್ತದೆ.

ಹಾಗಾದರೆ ಜನ ಮುಂದೆ ಯಾಕೆ ಕೂರಿಸುತ್ತಾರೆ? ಕಣ್ಣಿಗೂ ಹಿಂದಿನ ಗಾಜಿಗೂ ಸಾಮಾನ್ಯವಾಗಿ 85ರಿಂದ 100 ಮಿ.ಮೀ. ಅಂತರ ಬೇಕು. ರಿಸೀವರ್ ರೈಲ್ ಚಿಕ್ಕದಿದ್ದರೆ ಸ್ಕೋಪ್ ಮುಖಕ್ಕೆ ತೀರಾ ಹತ್ತಿರ ಬರುತ್ತದೆ, ಅದಕ್ಕೆ ಮುಂದೆ ತಳ್ಳುತ್ತಾರೆ. ಇದಕ್ಕೆ ಸರಿಯಾದ ಪರಿಹಾರ ಕ್ಯಾಂಟಿಲಿವರ್ ಮೌಂಟ್ (ಸ್ಕೋಪ್ ಹಿಡಿಯುವ ಚಾಚಿದ ಆಧಾರ). ಅದರ ಹಿಡಿತವೆಲ್ಲ ರಿಸೀವರ್ ಮೇಲೆ, ರಿಂಗ್ ಮಾತ್ರ ಮುಂದಕ್ಕೆ ಚಾಚಿರುತ್ತದೆ. ಆ ಚಾಚಿದ ಭಾಗದ ಕೆಳಗೆ ತೆಳುವಾದ ಕಾಗದ ಸರಾಗವಾಗಿ ಹೋಗಿ ಬರಬೇಕು. ಮುಂದಿನ ಗಾಜಿನ ಅಗಲ ಭಾಗಕ್ಕೂ ಹ್ಯಾಂಡ್‌ಗಾರ್ಡ್‌ಗೂ 2–3 ಮಿ.ಮೀ. ಸಂದು ಇರಲಿ. 50 ಮಿ.ಮೀ. ಗಾಜಿನ ಸ್ಕೋಪ್‌ಗೆ ತಗ್ಗಿನ ರಿಂಗ್ ಹಾಕಿದವರಿಗೆ ಅದು ತಾಗುವ ತೊಂದರೆ ಬರಬಹುದು. ಹ್ಯಾಂಡ್‌ಗಾರ್ಡ್ ರೈಲ್ ಇರುವುದು ಬೈಪಾಡ್, ಟಾರ್ಚ್‌ನಂಥ ಸಾಮಾನಿಗೆ.

ಅಳತೆ ನೋಡದೆ ಮೌಂಟ್ ಕೊಳ್ಳಬೇಡಿ. ಪಿಕಾಟಿನಿ, ವೀವರ್ ಎಂಬವು ರೈಲ್‌ನ ಎರಡು ಅಳತೆಗಳು; ಗಾಡಿ ಅಂದರೆ ಹಲ್ಲುಗಳ ನಡುವಿನ ಅಡ್ಡ ತೋಡು. ಪಿಕಾಟಿನಿ ರೈಲ್‌ನ ಗಾಡಿ 5.23 ಮಿ.ಮೀ. ಅಗಲ, ಗಾಡಿಯಿಂದ ಗಾಡಿಗೆ 10.01 ಮಿ.ಮೀ. ವೀವರ್ ರೈಲ್‌ನ ಗಾಡಿ 4.57 ಮಿ.ಮೀ. ಮಾತ್ರ, ಆದ್ದರಿಂದ ಪಿಕಾಟಿನಿ ಮೌಂಟ್‌ನ ಅಡ್ಡ ಬೋಲ್ಟ್ ಅದರಲ್ಲಿ ಇಳಿಯುವುದಿಲ್ಲ. ವೀವರ್ ಮೌಂಟ್ ಪಿಕಾಟಿನಿಯಲ್ಲಿ ಕೂರುತ್ತದೆ, ಆದರೆ ಗಾಡಿಯಲ್ಲಿ ಜಾಗ ಉಳಿಯುತ್ತದೆ. ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿರುವ 11 ಮಿ.ಮೀ. ಡವ್‌ಟೇಲ್ ಬೇರೆಯದೇ. ರಿಂಗ್ ಕೂಡ ಟ್ಯೂಬ್‌ಗೆ ತಕ್ಕಂತೆ 25.4, 30 ಅಥವಾ 34 ಮಿ.ಮೀ. ಇರಬೇಕು.

ಬೇಸ್ ಸ್ಕ್ರೂ (ರೈಲ್ ಅನ್ನು ರಿಸೀವರ್‌ಗೆ ಹಿಡಿಯುವ ಸ್ಕ್ರೂ) ಕಳೆದುಹೋದರೆ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಸಿಕ್ಕ ಮೆಟ್ರಿಕ್ ಸ್ಕ್ರೂ ತಂದು ತಿರುವುವುದು ದೊಡ್ಡ ಅನಾಹುತಕ್ಕೆ ದಾರಿ. ಹಲವು ರೈಫಲ್‌ಗಳಲ್ಲಿ ಇರುವುದು 6-48 ಅಥವಾ 8-40 ಇಂಚಿನ ಆಟೆ (ಥ್ರೆಡ್); ಎರಡನೆಯ ಸಂಖ್ಯೆ ಇಂಚಿಗೆ ಎಷ್ಟು ಆಟೆ ಎಂಬುದು. 6-48ರ ದಪ್ಪ ಎಂ3.5ಕ್ಕೆ ಸಮ, ಅದಕ್ಕೇ ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಒತ್ತಾಯ ಮಾಡಿದರೆ ರಿಸೀವರ್‌ನ ಆಟೆಯೇ ಹರಿಯುತ್ತದೆ.

ಜೋಡಿಸುವಾಗ ರೈಲ್, ಮೌಂಟ್, ಸ್ಕ್ರೂ ಮೂರನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎಣ್ಣೆ ಹೋಗುವಂತೆ ಒರೆಸಿ. ಮೌಂಟ್ ಇಟ್ಟು, ಅಡ್ಡ ಬೋಲ್ಟ್ ಗಾಡಿಯ ಮುಂದಿನ ಗೋಡೆಗೆ ತಾಗುವ ತನಕ ಮುಂದಕ್ಕೆ ಒತ್ತಿ ಹಿಡಿದು ಬಿಗಿಯಿರಿ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಜಿಗಿಯುತ್ತದೆ, ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ಅಂದರೆ ರೈಲ್ ಮೇಲೆ ಅದು ಮುಂದಕ್ಕೆ ಜಾರುತ್ತದೆ. ಮೊದಲೇ ಮುಂದೆ ತಾಗಿಸಿದ್ದರೆ ಜಾರಲು ಜಾಗವೇ ಇರುವುದಿಲ್ಲ. ಸ್ಪ್ರಿಂಗ್ ಪಿಸ್ಟನ್ ಏರ್ ರೈಫಲ್‌ನಲ್ಲಿ ಇದು ಉಲ್ಟಾ. ಪಿಸ್ಟನ್ ಮುಂದೆ ಬಡಿದಾಗ ಬಂದೂಕು ಮುಂದಕ್ಕೆ ಜಗ್ಗುತ್ತದೆ, ಮೌಂಟ್ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ತಡೆ ಪಿನ್ ಹಿಂದೆ ಬೇಕು.

ಕಣ್ಣಿನ ಅಂತರವನ್ನು ಸ್ಕೋಪ್‌ನ ಗರಿಷ್ಠ ಜೂಮ್‌ನಲ್ಲಿ, ನೀವು ಗುಂಡು ಹಾರಿಸುವ ಭಂಗಿಯಲ್ಲೇ ಹೊಂದಿಸಿ. ಮಲಗಿ ಹಾರಿಸುವವರು ಮಲಗಿಯೇ ನೋಡಬೇಕು, ನಿಂತು ಹೊಂದಿಸಿದ್ದು ಮಲಗಿದಾಗ ಹೊಂದುವುದಿಲ್ಲ. ಆಮೇಲೆ ಗವಂಡಿಗಳು ಗೋಡೆಗೆ ಬಿಡುವ ತೂಗುಗುಂಡಿನ ದಾರವನ್ನು ದೂರದಲ್ಲಿ ತೂಗುಬಿಟ್ಟು, ರೈಫಲ್ ಮಟ್ಟವಾಗಿರುವಾಗ ಒಳಗಿನ ಉದ್ದಗೆರೆ ಆ ದಾರಕ್ಕೆ ಕೂಡುವಂತೆ ಟ್ಯೂಬ್ ತಿರುಗಿಸಿ. 3 ಡಿಗ್ರಿ ವಾಲಿದ್ದರೆ, 10 ಮಿಲ್ (ಒಂದು ಮಿಲ್ ಅಂದರೆ 100 ಮೀಟರ್‌ಗೆ 10 ಸೆಂ.ಮೀ. ಸರಿಯುವಷ್ಟು ಕೋನ) ಎತ್ತರಿಸಿದಾಗ ಅರ್ಧ ಮಿಲ್ ಪಕ್ಕಕ್ಕೆ ಹೋಗುತ್ತದೆ. 500 ಮೀಟರ್‌ಗೆ ಅದು ಸುಮಾರು 26 ಸೆಂ.ಮೀ.

ಟಾರ್ಕ್‌ನಲ್ಲಿ (ಸ್ಕ್ರೂ ತಿರುವುವ ಬಲ) ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ರಿಂಗ್‌ನ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15–18 ಇಂಚ್-ಪೌಂಡ್, ಅಂದರೆ 1.7ರಿಂದ 2 ನ್ಯೂಟನ್-ಮೀಟರ್. ರೈಲ್ ಹಿಡಿಯುವ ದೊಡ್ಡ ನಟ್‌ಗೆ ಹಲವು ಕಂಪನಿಗಳು 65 ಇಂಚ್-ಪೌಂಡ್, ಅಂದರೆ 7.3 ನ್ಯೂಟನ್-ಮೀಟರ್ ಹೇಳುತ್ತವೆ. ಸಣ್ಣ ಸ್ಕ್ರೂ ಇರುವ ಮೌಂಟ್‌ಗೆ ಇದಕ್ಕಿಂತ ಬಹಳ ಕಡಿಮೆ. ನಿಮ್ಮ ಮೌಂಟ್‌ನ ಕಾಗದದಲ್ಲಿ ಇರುವ ಸಂಖ್ಯೆಯೇ ಅಂತಿಮ. ಬೈಕ್ ಗ್ಯಾರೇಜಿನ ದೊಡ್ಡ ಟಾರ್ಕ್ ರೆಂಚ್ 2 ನ್ಯೂಟನ್-ಮೀಟರ್‌ಗೆ ಇಳಿಯುವುದಿಲ್ಲ, ಅದಕ್ಕೆ ಚಿಕ್ಕ ಟಾರ್ಕ್ ಸ್ಕ್ರೂಡ್ರೈವರ್ ಬೇಕು. 18 ಎಂಬುದನ್ನು ನ್ಯೂಟನ್-ಮೀಟರ್ ಅಂದುಕೊಂಡು ಬಿಗಿದರೆ ಒಂಬತ್ತು ಪಟ್ಟು ಹೆಚ್ಚಾಗಿ ಸ್ಕ್ರೂ ಮುರಿಯುತ್ತದೆ, ಇಲ್ಲವೇ ಟ್ಯೂಬ್ ಅಪ್ಪಚ್ಚಿಯಾಗಿ ಒಳಗಿನ ಲೆನ್ಸ್ ಸಿಕ್ಕಿಕೊಳ್ಳುತ್ತದೆ. ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ರಿಂಗ್‌ನ ಎರಡೂ ಬದಿಯ ಸಂದು ಸಮ ಇದೆಯೇ ಎಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡುತ್ತಿರಿ.

ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಅನ್ನು ಬೇಸ್ ಸ್ಕ್ರೂಗೆ ಒಂದು ಹನಿ ಹಾಕಬಹುದು. ರಿಂಗ್ ಸ್ಕ್ರೂಗೆ ನಾವು ಹಾಕುವುದಿಲ್ಲ. ಒದ್ದೆ ಆಟೆಯಲ್ಲಿ ಘರ್ಷಣೆ ಕಡಿಮೆಯಾಗಿ ಅದೇ ಟಾರ್ಕ್‌ಗೆ ಹಿಡಿತ ಹೆಚ್ಚು ಬೀಳುತ್ತದೆ. ಕೆಂಪು ಲಾಕ್‌ಟೈಟ್ ಎಲ್ಲಿಗೂ ಬೇಡ, ಬಿಸಿ ಮಾಡದೆ ಬಿಚ್ಚಲು ಬರುವುದಿಲ್ಲ.

ಕೊನೆಗೆ ಪ್ರತಿ ಸ್ಕ್ರೂ ತಲೆಯಿಂದ ಮೌಂಟ್‌ಗೆ, ಟ್ಯೂಬ್‌ನಿಂದ ರಿಂಗ್‌ಗೆ ಪೇಂಟ್ ಪೆನ್ನಿನ ತೆಳು ಗೆರೆ ಎಳೆದು, ಮೊದಲ 20–30 ಸುತ್ತು ಹಾರಿಸಿದ ಮೇಲೆ ನೋಡಿ. ಸ್ಕ್ರೂ ತಲೆಯ ಗೆರೆ ಒಡೆದಿದ್ದರೆ ಸ್ಕ್ರೂ ಸಡಿಲಾಗಿದೆ, ಟ್ಯೂಬ್‌ನ ಗೆರೆ ಜರುಗಿದ್ದರೆ ರಿಂಗ್ ಹಿಡಿತ ಸಾಲದು ಅಥವಾ ಒಳಗೆ ಎಣ್ಣೆ ಉಳಿದಿದೆ. ಗೆರೆಗಳೆಲ್ಲ ನೆಟ್ಟಗಿದ್ದೂ ಗುಂಡು ಚದುರುತ್ತಿದ್ದರೆ ಮೌಂಟ್ ಬಿಟ್ಟು, ಆ್ಯಕ್ಷನ್ (ಬೋಲ್ಟ್ ಸಹಿತ ರಿಸೀವರ್) ಅನ್ನು ಸ್ಟಾಕ್‌ಗೆ (ಭುಜಕ್ಕಿಡುವ ಹಿಡಿಗೆ) ಹಿಡಿದ ಬೋಲ್ಟ್‌ಗಳನ್ನೂ ಹ್ಯಾಂಡ್‌ಗಾರ್ಡ್ ಎಲ್ಲಾದರೂ ಬ್ಯಾರೆಲ್‌ಗೆ ತಾಗುತ್ತಿದೆಯೇ ಎಂಬುದನ್ನೂ ನೋಡಿ. ಅವೂ ಸರಿಯಿದ್ದರೆ ಆಗ ಸ್ಕೋಪ್ ಬದಲಿಸಿ ಪರೀಕ್ಷಿಸುವುದು.